ಓರೆ ಸೊಂಟದ ಗಿಟಾರ್

ಕೇಳುಗರೇ, ನಮಸ್ಕಾರ. ಆಫ್‌ಸೆಟ್ ಗಿಟಾರ್ ಎಂದರೆ ಸೊಂಟ ಓರೆಯಾದ ಗಿಟಾರ್. ಮೈಯ ಎರಡು ಬದಿಯ ತಗ್ಗುಗಳು ಎದುರುಬದುರಾಗಿಲ್ಲ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಕುಳಿತು ನುಡಿಸುವ ಜಾಝ್ ವಾದಕರ ತೊಡೆಯ ಮೇಲೆ ಚೆನ್ನಾಗಿ ಕೂರಲೆಂದೇ ಫೆಂಡರ್ ಕಂಪನಿ 1958ರಲ್ಲಿ ಜಾಝ್‌ಮಾಸ್ಟರ್ ತಂದಿತು. 1962ರಲ್ಲಿ ಅದೇ ಬಗೆಯ ಜಾಗ್ವಾರ್ ಬಂತು.

ಈ ಗಿಟಾರ್ ಕೊಂಡವರ ಮೊದಲ ದೂರು ಒಂದೇ: ಜೋರಾಗಿ ಮೀಟಿದರೆ ದಪ್ಪ ತಂತಿ ಬ್ರಿಡ್ಜ್, ಅಂದರೆ ತಂತಿ ಹೊರುವ ಪಟ್ಟಿಯ ಕಚ್ಚಿನಿಂದ ಜಾರುತ್ತದೆ, ಬ್ರಿಡ್ಜ್ ಗುಂಯ್‌ಗುಡುತ್ತದೆ. ವೀಣೆಯ ಕುದುರೆಯಂತೆ ಇಲ್ಲಿಯೂ ತಂತಿ ಕೆಳಗೆ ಒತ್ತಿ ಕೂರಬೇಕು. ಆದರೆ ತಂತಿ ಕಟ್ಟುವ ಟೇಲ್‌ಪೀಸ್ ಬ್ರಿಡ್ಜ್‌ನಿಂದ ಬಹಳ ಹಿಂದಿದೆ. ತಂತಿ ಹೆಚ್ಚು ಬಾಗುವುದಿಲ್ಲ, ಒತ್ತಡ ಸಾಲುವುದಿಲ್ಲ. ಆಗಿನವರು ದಪ್ಪ ತಂತಿ ಹಾಕುತ್ತಿದ್ದರು, ನಡೆಯಿತು. ಈಗಿನ 9ರ ಸೆಟ್ಟಿಗೆ, ಅಂದರೆ ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಪಾಲು ದಪ್ಪ ಇರುವ ಸೆಟ್ಟಿಗೆ, ನಡೆಯದು. 11ರ ಸೆಟ್ ಹಾಕಿ, ಅರ್ಧ ಕಾಟ ಕಳೆಯಿತು.

ಉಳಿದದ್ದಕ್ಕೆ ನೆಕ್, ಅಂದರೆ ಗಿಟಾರಿನ ಕತ್ತನ್ನು, ತುಸು ಹಿಂದಕ್ಕೆ ಓರೆ ಮಾಡಬೇಕು. ತಂತಿ ಪೂರ್ತಿ ಸಡಿಲಿಸಿ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ. ನೆಕ್ ಕೂರುವ ಗುಳಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಅರ್ಧ ಮಿಲಿಮೀಟರ್ ದಪ್ಪದ ವಿನೀರ್, ಅಂದರೆ ತೆಳು ಮರದ ಹಾಳೆಯ ಚೂರು ಇಡಿ. ಬಡಗಿಯ ಹತ್ತಿರ ಸಿಗುತ್ತದೆ. ವಿಸಿಟಿಂಗ್ ಕಾರ್ಡ್ ತುಂಡೂ ಆದೀತು, ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ, ಮರವೇ ವಾಸಿ. ಸ್ಕ್ರೂ ಬಿಗಿದು ಬ್ರಿಡ್ಜ್ ಎತ್ತರಿಸಿ. ಈಗ ತಂತಿ ಕಚ್ಚಿಗೆ ಒತ್ತಿ ಕೂರುತ್ತದೆ.

ಬ್ರಿಡ್ಜ್ ಅಲುಗಾಡುತ್ತದೆಂದು ಅಂಟು ಮಾತ್ರ ಹಾಕಬೇಡಿ! ಅದು ಅಲುಗಾಡಲೆಂದೇ ಎರಡು ಮೊನೆಗಳ ಮೇಲೆ ನಿಂತಿದೆ. ಸ್ವರ ಬಾಗಿಸುವ ಟ್ರೆಮೊಲೊ ಹಿಡಿ ಒತ್ತಿದಾಗ ತಂತಿಯ ಜೊತೆಗೇ ವಾಲಿ, ಬಿಟ್ಟಾಗ ಮರಳುತ್ತದೆ. ಅದರಿಂದಲೇ ಶ್ರುತಿ ನಿಲ್ಲುತ್ತದೆ. ಶ್ರುತಿ ಮಾಡಿದಾಗ ಬ್ರಿಡ್ಜ್ ನೆಟ್ಟಗೆ ನಿಂತಿರಲಿ, ಅಷ್ಟೇ. ಗುಂಯ್‌ಗುಡುವುದು ಬಹುಪಾಲು ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು, ಅಂದರೆ ಸ್ಯಾಡಲ್‌ನ ಸಣ್ಣ ಸ್ಕ್ರೂಗಳು. ಎತ್ತರ ಹೊಂದಿಸಿದ ಮೇಲೆ ಒಂದೊಂದಕ್ಕೂ ಒಂದು ಹನಿ ಉಗುರುಬಣ್ಣ ಹಚ್ಚಿ.

ಸದ್ದೇ ಬರದಿದ್ದರೆ ಗಾಬರಿ ಬೇಡ. ಮೇಲಿನ ಕೊಂಬಿನ ಹತ್ತಿರದ ಜಾರುವ ಸ್ವಿಚ್ ನೋಡಿ. ಅದು ಮೇಲೆ, ಅಂದರೆ ರಿದಮ್ ಕಡೆ ಇದ್ದರೆ ನೆಕ್ ಪಕ್ಕದ ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತದ ಸುರುಳಿ) ಒಂದೇ ಕೆಲಸ ಮಾಡುತ್ತದೆ, ಅದರ ವಾಲ್ಯೂಮ್ ಪಕ್ಕದ ಪುಟ್ಟ ಗಾಲಿಯಲ್ಲಿದೆ; ಗಾಲಿ ಸೊನ್ನೆಗೆ ತಿರುಗಿದ್ದರೆ ಪೂರ್ತಿ ಮೌನ. ಆಷಾಢದ ತೇವಕ್ಕೆ ಸ್ವಿಚ್ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಆಚೀಚೆ ಸರಿಸಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ಅಲ್ಲಿಯೂ ತುಕ್ಕು ಹಿಡಿಯುತ್ತದೆ.