ಹೈಡ್ರೇಂಜಿಯಾಗೆ ಕತ್ತರಿ ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೈಡ್ರೇಂಜಿಯಾ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಗಿಡ ಹುಲುಸಾಗಿದೆ, ಎಲೆ ಅಂಗೈಗಿಂತ ಅಗಲ ಇದೆ, ಆದರೆ ಹೂವೇ ಇಲ್ಲ, ಯಾಕೆ? ಅವರನ್ನು ನಾನು ಮೊದಲು ಕೇಳುವುದು ಒಂದೇ. ಗಿಡವನ್ನು ಯಾವಾಗ ಸವರಿದಿರಿ?

ನನ್ನ ಮೊದಲ ಗಿಡ ಮೈತುಂಬ ಹೂಬಿಟ್ಟಿತ್ತು. ಚಳಿಗಾಲದಲ್ಲಿ ಎಲೆ ಉದುರಿ, ಕಡ್ಡಿಗಳು ಒಣಗಿದ ಹಾಗೆ ಕಂಡವು. ಹೊಸ ಚಿಗುರು ಚೆನ್ನಾಗಿ ಬರಲಿ ಅಂತ, ನೆಲದಿಂದ ಒಂದು ಗೇಣು ಬಿಟ್ಟು ಎಲ್ಲವನ್ನೂ ಕತ್ತರಿಸಿದೆ. ಚಿಗುರೇನೋ ಸೊಗಸಾಗಿ ಬಂತು. ಹೂವು ಮಾತ್ರ ಒಂದೂ ಬರಲಿಲ್ಲ. ಬಹಳ ಬೇಜಾರಾಯಿತು. ಬರೀ ಕಡ್ಡಿ ಅಂದುಕೊಂಡು ನಾನು ಕತ್ತರಿಸಿ ಹಾಕಿದ್ದು ಆ ವರ್ಷ ಅರಳಬೇಕಾದ ಮೊಗ್ಗುಗಳನ್ನೇ ಅಂತ ಆಮೇಲೆ ತಿಳಿಯಿತು.

ಮನೆಗಳಲ್ಲಿ ಜಾಸ್ತಿ ಕಾಣುವುದು ಚೆಂಡಿನಂಥ ಗೊಂಚಲಿನ ಹೈಡ್ರೇಂಜಿಯಾ ಮ್ಯಾಕ್ರೋಫಿಲಾ. ಜಪಾನ್ ಇದರ ತವರು. ಈ ಗಿಡ ಒಂದು ಸಲ ಹೂಬಿಟ್ಟ ಮೇಲೆ, ಚಳಿಗಾಲಕ್ಕೆ ಮುಂಚೆಯೇ, ಅದೇ ವರ್ಷ ಬೆಳೆದ ಕಡ್ಡಿಗಳಲ್ಲಿ ಮುಂದಿನ ಸಲದ ಮೊಗ್ಗು ಕಟ್ಟಿಕೊಳ್ಳುತ್ತದೆ. ಆ ಮೊಗ್ಗು ಚಳಿಯುದ್ದಕ್ಕೂ ಸುಮ್ನೆ ಮಲಗಿರುತ್ತದೆ. ಹಾಗಾಗಿ ಸವರುವುದಿದ್ದರೆ ಹೂವು ಬಾಡಿದ ಕೂಡಲೇ ಸವರಿ. ಬಾಡಿದ ಗೊಂಚಲಿನಿಂದ ಕೆಳಗೆ ಬನ್ನಿ, ಎದುರುಬದುರಾಗಿ ಕೂತ ದಪ್ಪ ಮೊಗ್ಗಿನ ಮೊದಲ ಜೋಡಿ ಸಿಗುತ್ತದೆ. ಅದರ ಮೇಲ್ಗಡೆ ಕತ್ತರಿಸಿ. ಹಳೆಯ ಗಿಡವಾದರೆ ವರ್ಷಕ್ಕೆ ಒಂದೆರಡು ಮುದಿ ಕಾಂಡ ಬುಡದಿಂದಲೇ ತೆಗೆಯಬಹುದು. ಚಳಿ ಕಟುವಾಗಿರುವ ಜಾಗದಲ್ಲಿ ಒಣ ಹೂವನ್ನು ಹಾಗೇ ಬಿಡುವುದು ಮೇಲು. ಕೆಳಗಿನ ಮೊಗ್ಗಿಗೆ ಅದೇ ಹೊದಿಕೆ.

ಎಲ್ಲ ಹೈಡ್ರೇಂಜಿಯಾವೂ ಹೀಗಲ್ಲ. ಗೋಪುರದಂತೆ ಮೊನಚಾದ ಗೊಂಚಲಿನ ಪ್ಯಾನಿಕ್ಯುಲೇಟಾ, ದೊಡ್ಡ ಬಿಳಿ ಗೊಂಚಲಿನ ಆರ್ಬೊರೆಸೆನ್ಸ್, ಇವೆರಡೂ ಹೊಸ ಚಿಗುರಲ್ಲೇ ಹೂಬಿಡುತ್ತವೆ. ಅವನ್ನು ಚಳಿಗಾಲದ ಕೊನೆಗೆ ಧೈರ್ಯವಾಗಿ ಸವರಬಹುದು. ನಿಮ್ಮದು ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಒಂದು ವರ್ಷ ಕತ್ತರಿ ಮುಟ್ಟಬೇಡಿ. ಹೂವು ಎಲ್ಲಿ ಬರುತ್ತದೆ ನೋಡಿ.

ಇನ್ನು ಬಣ್ಣ. ಒಂದೇ ಗಿಡ ಒಂದು ಕಡೆ ನೀಲಿ, ಇನ್ನೊಂದು ಕಡೆ ಗುಲಾಬಿ ಆಗುತ್ತದಲ್ವಾ, ಅದು ಮಣ್ಣಿನ ಕೆಲಸ. ಮಣ್ಣು ಆಮ್ಲೀಯವಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ, ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ಅದು ಹೂವಿನ ಬಣ್ಣದ ಜೊತೆ ಸೇರಿದಾಗ ನೀಲಿ ಬರುತ್ತದೆ. ಪಿಎಚ್ 6.5 ದಾಟಿದರೆ ಅಲ್ಯೂಮಿನಿಯಂ ಸಿಗದೆ ಗುಲಾಬಿಯೇ ಉಳಿಯುತ್ತದೆ. ನಡುವೆ ಇದ್ದರೆ ನೇರಳೆ, ಇಲ್ಲವೇ ಒಂದೇ ಗಿಡದಲ್ಲಿ ಎರಡೂ. ನನಗೆ ಈ ನಡುವಿನ ನೇರಳೆಯೇ ಎಲ್ಲಕ್ಕಿಂತ ಇಷ್ಟ. ಬಿಳಿ ತಳಿಗಳನ್ನು ಮಾತ್ರ ಏನು ಮಾಡಿದರೂ ನೀಲಿ ಮಾಡಲು ಆಗುವುದಿಲ್ಲ.

ತುಕ್ಕು ಹಿಡಿದ ಮೊಳೆ ಹೂತರೆ ನೀಲಿ ಬರುತ್ತದೆ ಅನ್ನುತ್ತಾರೆ. ನೀಲಿಗೆ ಬೇಕಾದದ್ದು ಅಲ್ಯೂಮಿನಿಯಂ, ಕಬ್ಬಿಣ ಅಲ್ಲ. ಅಲ್ಯೂಮಿನಿಯಂ ಸಲ್ಫೇಟ್ ಸಿಕ್ಕರೆ, ಸುಮಾರು 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ, ಮೊದಲೇ ನೆನೆದ ಮಣ್ಣಿಗೆ ಹಾಕಿ. ಆಸೆಗೆ ಬಿದ್ದು ಜಾಸ್ತಿ ಹಾಕಿದರೆ ಬೇರು ಸುಡುತ್ತದೆ. ಫಾಸ್ಫರಸ್ ಹೆಚ್ಚಿರುವ ಗೊಬ್ಬರವನ್ನೂ ಕಡಿಮೆ ಮಾಡಿ, ಅದು ಅಲ್ಯೂಮಿನಿಯಂ ಬೇರಿಗೆ ಸಿಗದಂತೆ ಹಿಡಿದಿಡುತ್ತದೆ. ಗುಲಾಬಿ ಬೇಕಾದವರು ಸ್ವಲ್ಪ ಸುಣ್ಣ ಬೆರೆಸಬಹುದು. ಸಿಮೆಂಟ್ ಗೋಡೆಯ ಪಕ್ಕದ ಗಿಡ ತಾನಾಗಿಯೇ ಗುಲಾಬಿಗೆ ತಿರುಗುವುದುಂಟು. ಗೋಡೆಯ ಸುಣ್ಣ ಮಣ್ಣಿಗೆ ಇಳಿದಿರುತ್ತದೆ. ಬಣ್ಣ ಬದಲಾಗಲು ಒಂದು ಹೂಬಿಡುವ ಕಾಲವಾದರೂ ಬೇಕು. ಕುಂಡದಲ್ಲಿ ಈ ಕೆಲಸ ಸುಲಭ.

ಹೈಡ್ರೇಂಜಿಯಾ ಅನ್ನುವ ಹೆಸರಿನಲ್ಲಿ ಗ್ರೀಕ್ ಭಾಷೆಯ ನೀರು, ಪಾತ್ರೆ ಅನ್ನುವ ಎರಡು ಪದಗಳಿವೆ. ಬೀಜದ ಕಾಯಿ ಪುಟ್ಟ ಹೂಜಿಯಂತೆ ಕಾಣುವುದರಿಂದ ಬಂದ ಹೆಸರು. ಆದರೆ ಗಿಡಕ್ಕೂ ನೀರು ಬೇಕೇ ಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಕೊಡಿ. ಬುಡಕ್ಕೆ ಎರಡು ಮೂರು ಅಂಗುಲ ತರಗೆಲೆ ಹೊದಿಸಿ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಅಗಲ ಎಲೆಗಳಿಂದ ಆರಿಹೋಗುವಷ್ಟು ನೀರನ್ನು ಬೇರು ಅಷ್ಟು ಬೇಗ ಎಳೆಯಲಾರದು, ಅಷ್ಟೇ. ಸಂಜೆಗೆ ತಾನೇ ನೆಟ್ಟಗಾಗುತ್ತದೆ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಣ್ಣಿಗೆ ಬೆರಳಿಟ್ಟು ನೋಡಿ. ಒಣಗಿದ್ದರೆ ಬುಡಕ್ಕೆ ನಿಧಾನವಾಗಿ ನೀರುಣಿಸಿ. ಮಣ್ಣು ಕೆಸರಾಗಿದ್ದರೆ ಕೊಳೆತಿರುವುದು ಬೇರು, ನೀರು ನಿಲ್ಲಿಸಿ. ಎಲೆ ಮೇಲೆ ಹನಿಸಿದರೆ ಚುಕ್ಕೆ ರೋಗ ಬೇಗ ಹರಡುತ್ತದೆ. ಸಾರಜನಕದ ಗೊಬ್ಬರ ಅತಿಯಾದರೂ ಎಲೆಯೇ ಎಲೆ. ಮನೆಯಲ್ಲಿ ಮಗುವೋ ನಾಯಿಯೋ ಇದ್ದರೆ ಎಲೆ, ಮೊಗ್ಗು ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಅವು ವಿಷ.

ಹೂದಾನಿಯಲ್ಲಿಟ್ಟ ಗೊಂಚಲು ಬಾಡಿದರೆ ಎಸೆಯಬೇಡಿ. ಕಡ್ಡಿಯ ತುದಿ ಹೊಸದಾಗಿ ಕತ್ತರಿಸಿ, ಗೊಂಚಲನ್ನೇ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಎಸಳಿನಂತೆ ಕಾಣುವ ಆ ಪುಷ್ಪಪತ್ರಗಳು ತಾವೇ ನೀರು ಹೀರುತ್ತವೆ. ಸಾಮಾನ್ಯವಾಗಿ ಮತ್ತೆ ಅರಳಿ ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನನಗೆ ಎಷ್ಟು ಖುಷಿಯಾಗಿತ್ತೋ, ಇವತ್ತಿಗೂ ಅಷ್ಟೇ ಖುಷಿಯಾಗುತ್ತದೆ.

ನಮಸ್ಕಾರ.