ನೆಲಮಂಗಲದ ಶೆಡ್ಡು ಪಡುಬಿದ್ರಿಗೆ ಬಂದದ್ದು

ಎಲ್ಲರಿಗೂ ನಮಸ್ಕಾರ. ನಾನು ಬೈಕಂಪಾಡಿಯಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇಟ್ಟುಕೊಂಡವನು. ಗೇಟು, ಗ್ರಿಲ್ಲು, ಅಂಗಳಕ್ಕೆ ಶೀಟಿನ ಮಾಡು, ಇದೇ ನಿತ್ಯದ ಕೆಲಸ. ಭಾಷಣ ಮಾಡಿ ಅಭ್ಯಾಸ ಇಲ್ಲ. ಹಾಗಾಗಿ ಒಂದು ಕಬ್ಬಿಣದ ಶೆಡ್ಡನ್ನು ಒಂದು ಊರಲ್ಲಿ ಬಿಚ್ಚಿ ಇನ್ನೊಂದು ಊರಲ್ಲಿ ನಿಲ್ಲಿಸಿದ ಕಥೆಯನ್ನೇ ಹೇಳಿಬಿಡುತ್ತೇನೆ.

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಪಡುಬಿದ್ರಿ ಹತ್ತಿರ ಗೇರುಬೀಜದ ಫ್ಯಾಕ್ಟರಿ ಹಾಕಬೇಕೆಂದು ಹೊರಟರು. ಹೊಸ ಶೆಡ್ಡಿಗೆ ಕೊಟೇಶನ್ ತರಿಸಿ ನೋಡಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಫೋನು. "ನೆಲಮಂಗಲದ ಹತ್ತಿರ ಒಂದು ಗೋಡೌನ್ ಉಂಟಂತೆ ಮಾರಾಯ. 60 ಅಡಿ ಅಗಲ, 120 ಅಡಿ ಉದ್ದ. ಜಾಗದವರಿಗೆ ಜಾಗ ಖಾಲಿ ಆಗಬೇಕಂತೆ. ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟರೆ ಆಯ್ತು. ಬೋಲ್ಟು ಬಿಚ್ಚುವುದು, ಲಾರಿಗೆ ಹಾಕುವುದು, ಇಲ್ಲಿ ಬೋಲ್ಟು ಹಾಕುವುದು. ಅಷ್ಟೇ ಅಲ್ವಾ?"

ಅಷ್ಟೇ ಅಂತ ನನಗೂ ಅನಿಸಿತ್ತು. ಅದೇ ತಪ್ಪಾಯಿತು.

ಬಿಚ್ಚಿ ಕಟ್ಟುವುದು ನಮ್ಮ ಊರಿಗೆ ಹೊಸತಲ್ಲ. ಹಳೆ ಗುತ್ತಿನ ಮನೆ ಬಿಚ್ಚಿ ದಾರಂದ, ಪಕ್ಕಾಸು, ಹೆಂಚು ಬೇರೆ ಬೇರೆ ಮಾರುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನೆಲಸಮ ಆಗಲಿದ್ದ ಹಳೆ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದ್ದಾರೆ. ಹಸ್ತಶಿಲ್ಪದ ಪಾರಂಪರಿಕ ಗ್ರಾಮಕ್ಕೆ ಹೋದರೆ ಈಗಲೂ ನೋಡಬಹುದು. ಇನ್ನು ಯಕ್ಷಗಾನದ ಟೆಂಟ್ ಮೇಳದವರಂತೂ ಇವತ್ತು ಕುಂದಾಪುರದಲ್ಲಿ ಕಟ್ಟಿದ ಟೆಂಟನ್ನು ನಾಳೆ ಇನ್ನೊಂದು ಊರಿನ ಗದ್ದೆಯಲ್ಲಿ ಕಟ್ಟುತ್ತಾರೆ. ಯಾವ ಕಂಬ ಎಲ್ಲಿಗೆ ಅಂತ ಅವರಿಗೆ ಕೈಗೇ ಗೊತ್ತು, ಯಾಕೆಂದರೆ ಅದು ದಿನಾ ಮಾಡುವ ಕೆಲಸ. ನಾವು ಮಾಡುವುದು ಒಂದೇ ಸಲ. ನಮಗೆ ಕೈಗೆ ಗೊತ್ತಿರುವುದಿಲ್ಲ, ಬರೆದಿಟ್ಟುಕೊಳ್ಳಬೇಕು.

ಶೆಡ್ಡು ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಎರಡು ಕಡೆ ಎರಡು ಕಂಬ, ಅವುಗಳ ಮೇಲೆ ಇಳಿಜಾರಾಗಿ ಎರಡು ರಾಫ್ಟರ್, ನಡುವೆ ಮಾಡಿನ ನೆತ್ತಿಯಲ್ಲಿ ಅವು ಸೇರುತ್ತವೆ. ಇದು ಒಂದು ಫ್ರೇಮ್. ಇಂಥ ಏಳು ಫ್ರೇಮು, 20 ಅಡಿಗೊಂದರಂತೆ. ಹೆಂಚಿನ ಮಾಡಿಗೆ ಹೋಲಿಸಿದರೆ ರಾಫ್ಟರ್ ಅಂದರೆ ಪಕ್ಕಾಸು. ಅದರ ಮೇಲೆ ಅಡ್ಡಕ್ಕೆ ಬರುವ ತೆಳು ತಗಡಿನ ಪರ್ಲಿನ್ ಅಂದರೆ ರೀಪು. ಇಂಗ್ಲಿಷಿನ ಜೆಡ್ ಅಕ್ಷರದ ಆಕಾರ. ಮಾಡಿಗೇ 84 ಪರ್ಲಿನ್, ಗೋಡೆಗಳದ್ದು ಬೇರೆ. ಇವುಗಳ ನಡುವೆ ಅಲ್ಲಲ್ಲಿ ಎಕ್ಸ್ ಆಕಾರದಲ್ಲಿ ಸಣ್ಣ ರಾಡ್ ಎಳೆದು ಬಿಗಿದಿರುತ್ತಾರೆ. ಅದಕ್ಕೆ ಬ್ರೇಸಿಂಗ್ ಅಂತಾರೆ. ನೋಡಲಿಕ್ಕೆ ಬಟ್ಟೆ ಒಣಗಿಸುವ ತಂತಿಯ ಹಾಗೆ, ಆದರೆ ಫ್ರೇಮುಗಳು ವಾಲದಂತೆ ಹಿಡಿದಿಡುವುದು ಅದೇ.

ಆ ರಾಡಿನಿಂದಲೇ ನಮ್ಮ ಜೀವ ಹೋಗಿ ಬಂದದ್ದು. ಬಿಚ್ಚಲಿಕ್ಕೆ ಬಂದ ತಂಡ ಶೀಟು ಇಳಿಸಿದ ಮೇಲೆ ಮೊದಲು ಕೈ ಹಾಕಿದ್ದೇ ಬ್ರೇಸಿಂಗಿಗೆ. ಸಣ್ಣ ರಾಡ್, ಬೇಗ ಬಿಚ್ಚುತ್ತದೆ, ದಾರಿಗೆ ಅಡ್ಡ ಬೇರೆ. ನಾನು ಚಹಾ ಕುಡಿಯಲಿಕ್ಕೆ ಹೋದವನು ಬಂದು ನೋಡುವಾಗ ಮೂರು ರಾಡ್ ನೆಲದ ಮೇಲಿತ್ತು, ಇನ್ನೊಬ್ಬ ಪರ್ಲಿನ್ ಮೇಲೆ ಕೂತು ಬೋಲ್ಟು ಸಡಿಲಿಸುತ್ತಿದ್ದ, ತುದಿಯ ಫ್ರೇಮು ಗಾಳಿಗೆ ಮೆಲ್ಲ ಮೆಲ್ಲ ಅಲ್ಲಾಡುತ್ತಿತ್ತು. ಶಬ್ದ ಇಲ್ಲ. ಸುಮ್ನೆ ತಲೆ ಆಡಿಸಿದ ಹಾಗೆ. ನನಗೆ ಗಂಟಲೇ ಒಣಗಿತು. ಹೈಡ್ರಾ ಕ್ರೇನಿನ ಹುಡುಗ ನಾನು ಕೂಗುವ ಮೊದಲೇ ಗಾಡಿ ತಿರುಗಿಸಿ ರಾಫ್ಟರಿಗೆ ಬೆಲ್ಟ್ ಹಾಕಿಸಿ ಎತ್ತಿ ಹಿಡಿದ. ಯಾರಿಗೂ ಏನೂ ಆಗಲಿಲ್ಲ. ಆ ಹುಡುಗನಿಗೆ ಮಧ್ಯಾಹ್ನ ಬಿರಿಯಾನಿ ಕೊಡಿಸಿದೆ. ಬೇರೆಯವರಿಗೆ ಬೈಗುಳ ಮಾತ್ರ.

ಕಟ್ಟಿದ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿದರೆ ಬಿಚ್ಚುವ ಕ್ರಮ ಸಿಗುತ್ತದೆ. ಮೊದಲು ಕರೆಂಟು ತೆಗೆಸಿ. ಆಮೇಲೆ ಮೂಲೆಯ ತಗಡು, ಶೀಟು, ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿ. ಫ್ರೇಮು ಇಳಿಸುವಾಗ ಕ್ರೇನು ರಾಫ್ಟರನ್ನು ಹಿಡಿದ ಮೇಲೆಯೇ ಆ ಫ್ರೇಮಿನ ಪರ್ಲಿನ್ ಸಡಿಲಿಸಬೇಕು. ಬ್ರೇಸಿಂಗ್ ಇರುವ ಒಂದು ಅಂಕಣವನ್ನು, ಅಂದರೆ ಎರಡು ಫ್ರೇಮಿನ ನಡುವಿನ ಭಾಗವನ್ನು, ಕೊನೆಯವರೆಗೂ ಮುಟ್ಟಬಾರದು. ಉಳಿದದ್ದೆಲ್ಲ ಅದಕ್ಕೆ ಒರಗಿ ನಿಂತಿರುತ್ತದೆ.

ಇನ್ನು ನಂಬರ್ ಹಾಕುವ ಕೆಲಸ. ಎಲ್ಲ ಕಂಬವೂ ಒಂದೇ ಅಲ್ವಾ ಅಂತ ಭಾವ ಕೇಳಿದರು. ನೋಡಲಿಕ್ಕೆ ಒಂದೇ. ಆದರೆ ತುದಿಯ ಫ್ರೇಮಿನ ಮೇಲೆ ಅರ್ಧ ಅಂಕಣದ ಭಾರ ಮಾತ್ರ ಬರುವುದರಿಂದ ಅದರ ಪ್ಲೇಟನ್ನು ತೆಳು ಹಾಕಿರುತ್ತಾರೆ. ನಮ್ಮದರಲ್ಲಿ ನಡುವಿನ ಕಂಬದ ಪ್ಲೇಟು 10 ಮಿಲಿಮೀಟರ್, ತುದಿಯದ್ದು 8. ಬಣ್ಣ ಬಳಿದ ಮೇಲೆ ಎರಡು ಮಿಲಿಮೀಟರ್ ಯಾರ ಕಣ್ಣಿಗೆ ಕಾಣುತ್ತದೆ? ಅದಲುಬದಲಾದರೆ ತೆಳು ಕಂಬ ಹೋಗಿ ನಡುವೆ ನಿಲ್ಲುತ್ತದೆ, ಗೊತ್ತಾಗುವುದು ಯಾವುದೋ ಜುಲೈ ತಿಂಗಳ ರಾತ್ರಿ.

ಸೀಮೆಸುಣ್ಣದಲ್ಲಿ ಬರೆದರೆ ಒಂದು ಮಳೆಗೆ ಹೋಗುತ್ತದೆ. ನಾವು ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆದೆವು, ಜೊತೆಗೆ ಕಂಬದ ಬುಡದಿಂದ ಒಂದು ಅಡಿ ಮೇಲೆ ಯಾವಾಗಲೂ ಬಡಗು ಮುಖಕ್ಕೆ ಪಂಚಿನಲ್ಲಿ ಹೊಡೆದು ಅಚ್ಚು ಹಾಕಿದೆವು. ಬಡಗು ಮುಖ ಯಾಕೆಂದರೆ ಮತ್ತೆ ನಿಲ್ಲಿಸುವಾಗ ಕಂಬ ಹಿಂದುಮುಂದು ಆಗಬಾರದಲ್ಲ. ಎಲ್ಲ ಜೋಡಣೆಗೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ. ಮಾರಿದವರ ಹತ್ತಿರ ಹಳೆ ಡ್ರಾಯಿಂಗ್ ಇತ್ತು, ಅದೂ ಒಂದು ಫೈಲಿನಲ್ಲಿ ಇಲಿ ಕಚ್ಚಿ ಉಳಿದದ್ದು. ನನ್ನ ಕೇಳಿದರೆ ಆ ಫೈಲಿಗೆ ಬೇರೆ ಬೆಲೆ ಕೊಡಬಹುದಿತ್ತು. ಡ್ರಾಯಿಂಗ್ ಮತ್ತು ನಂಬರ್ ಇದ್ದರೆ ಅದು ಕಟ್ಟಡ. ಇಲ್ಲದಿದ್ದರೆ 18 ಟನ್ ಕಬ್ಬಿಣ.

ಗ್ಯಾಸ್ ಕಟ್ಟರ್ ಬಗ್ಗೆ ಎರಡು ಮಾತು. ತುಕ್ಕು ಹಿಡಿದ ನಟ್ ಕಂಡ ಕೂಡಲೇ ಎಲ್ಲರ ಕೈಯೂ ಅದಕ್ಕೆ ಹೋಗುತ್ತದೆ. ನಟ್ ಕತ್ತರಿಸಲಿ, ಬೋಲ್ಟ್ ಕತ್ತರಿಸಲಿ, ಪ್ಲೇಟಿಗೆ ಬೆಂಕಿ ತಾಗಿಸಬಾರದು. ತೂತು ದೊಡ್ಡದಾಯಿತೆಂದರೆ ಆ ಜೋಡಣೆ ಹೋಯಿತು. ಹಿಂದಿನ ರಾತ್ರಿ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ, ಬೆಳಿಗ್ಗೆ ಅರ್ಧದಷ್ಟು ಸ್ಪಾನರಿಗೇ ಬರುತ್ತವೆ. ಉಳಿದದ್ದಕ್ಕೆ ಗ್ರೈಂಡರ್. ಹೇಗೂ ಹಳೆ ಬೋಲ್ಟ್ ಮತ್ತೆ ಹಾಕುವುದಿಲ್ಲ. ತಲೆಯ ಮೇಲೆ 8.8 ಅಂತ ಬರೆದಿರುವ ಹೈ ಟೆನ್ಸೈಲ್ ಬೋಲ್ಟ್ ಒಮ್ಮೆ ಪೂರ್ತಿ ಬಿಗಿದಾಗ ಸ್ವಲ್ಪ ಎಳೆದುಕೊಂಡಿರುತ್ತದೆ. ಅದನ್ನು ಗುಜರಿಗೆ ಕೊಟ್ಟು ಹೊಸದು ತನ್ನಿ. ಇಡೀ ಖರ್ಚಿನಲ್ಲಿ ಬೋಲ್ಟಿನದ್ದು ತುಂಬ ಸಣ್ಣ ಪಾಲು, ಅಲ್ಲಿ ಜುಗ್ಗತನ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ತುಕ್ಕನ್ನು ನೋಡುವ ಕಣ್ಣೂ ಬೇರೆ ಬೇಕು. ಕಂಬದ 10 ಮಿಲಿಮೀಟರ್ ಪ್ಲೇಟಿನಲ್ಲಿ ಅರ್ಧ ಮಿಲಿಮೀಟರ್ ತಿಂದು ಹೋಗಿದ್ದರೆ ಉಜ್ಜಿ ಪ್ರೈಮರ್ ಬಳಿದರೆ ನಡೆಯುತ್ತದೆ. ಅದೇ ಅರ್ಧ ಮಿಲಿಮೀಟರ್ 2 ಮಿಲಿಮೀಟರಿನ ಪರ್ಲಿನ್‌ನಲ್ಲಿ ಹೋದರೆ ಕಾಲು ಭಾಗ ಹೋದ ಹಾಗೆ. ನೀರಿನ ದೋಣಿ ಪಕ್ಕದ ಪರ್ಲಿನ್ ಮತ್ತು ಕಂಬದ ಬುಡದ ಒಂದು ಅಡಿ, ಈ ಎರಡು ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡದೆ ಮುಂಗಡ ಕೊಡಬೇಡಿ.

ಸಾಮಾನು ಹೊರಡುವ ಮೊದಲೇ ಭಾವನಿಗೆ ದೊಡ್ಡ ಹೊಡೆತ ಬಿತ್ತು. ನಾನು ಒತ್ತಾಯ ಮಾಡಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಹಳೆ ಡ್ರಾಯಿಂಗ್ ನೋಡಿ, "ಇದು ಬೆಂಗಳೂರಿನ ಗಾಳಿಗೆ ಮಾಡಿದ ಕಟ್ಟಡ" ಅಂದರು. ಗಾಳಿಯಲ್ಲೂ ಬೆಂಗಳೂರಿನದ್ದು, ಮಂಗಳೂರಿನದ್ದು ಅಂತ ಇದೆಯಾ ಅಂತ ಭಾವ ನಕ್ಕರು. ಇದೆ. ಕಟ್ಟಡದ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಬಳಸುವ ಐಎಸ್ 875ರ ಮೂರನೇ ಭಾಗದಲ್ಲಿ ಊರೂರಿನ ಗಾಳಿಯ ವೇಗ ಕೊಟ್ಟಿದ್ದಾರೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆರು ಮೀಟರ್ ತಾನೇ ಅನಿಸುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 39ನ್ನು 39ರಿಂದ ಗುಣಿಸಿ, 33ನ್ನು 33ರಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ. ಸುಮಾರು ಒಂದು ಪಾಯಿಂಟ್ ನಾಲ್ಕು ಬರುತ್ತದೆ. ಅಂದರೆ ಅದೇ ಗೋಡೆ, ಅದೇ ಮಾಡಿನ ಮೇಲೆ ಇಲ್ಲಿ ಶೇಕಡಾ 40ರಷ್ಟು ಜಾಸ್ತಿ ಒತ್ತಡ. ಶೀಟಿನ ಮಾಡು ಹಗುರ, ಗಾಳಿ ಅದನ್ನು ಮೇಲಕ್ಕೆ ಎತ್ತಲಿಕ್ಕೇ ನೋಡುತ್ತದೆ. ಹಾಗಾಗಿ ಬುಡದ ಕಾಂಕ್ರೀಟೂ ಹೆಚ್ಚು ತೂಕದ್ದು ಬೇಕು.

ಇಂಜಿನಿಯರ್ ಹೇಳಿದ ಉಪಾಯ ಸರಳವಾಗಿತ್ತು. ಫ್ರೇಮುಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ. 20 ಅಡಿಯ ಬದಲು 16 ಅಡಿ. ಒಂದೊಂದರ ಪಾಲಿಗೆ ಬರುವ ಗಾಳಿ ಕಡಿಮೆಯಾಗುತ್ತದೆ. ಕೊರತೆ ಬಿದ್ದಲ್ಲಿ ಕಂಬ ರಾಫ್ಟರ್ ಸೇರುವ ಕಡೆ ಪ್ಲೇಟ್ ವೆಲ್ಡ್ ಮಾಡಿ. ಹೀಗೆ 120 ಅಡಿಯ ಶೆಡ್ಡು 96 ಅಡಿ ಆಯಿತು. "ನಾನು ದುಡ್ಡು ಕೊಟ್ಟದ್ದು 120 ಅಡಿಗೆ ಅಲ್ವಾ, ಉಳಿದ 24 ಅಡಿ ಎಲ್ಲಿ ಹೋಯ್ತು?" ಭಾವ ಇದನ್ನು ಇವತ್ತಿಗೂ ಮದುವೆ ಮನೆಗಳಲ್ಲಿ ಕೇಳುತ್ತಾರೆ. ಪರ್ಲಿನ್ ಎಲ್ಲ ಕತ್ತರಿಸಿ ಹೊಸ ತೂತು ಹೊಡೆಯಬೇಕಾಯಿತು. ಬ್ರೇಸಿಂಗ್ ರಾಡ್ ಹೊಸತು ಮಾಡಿಸಿದೆವು.

ಸಾಗಾಟ ಸುಲಭವಾಗಿತ್ತು. ಮೂವತ್ತು ಅಡಿಯ ರಾಫ್ಟರ್ ಟ್ರೈಲರಿಗೆ ಸರಿ ಬಂತು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಬಿ.ಸಿ.ರೋಡು, ನಂತೂರು, ಮತ್ತೆ ಹೈವೇಯಲ್ಲಿ ಪಡುಬಿದ್ರಿ. ಮಾರ್ಚ್ ತಿಂಗಳಾದ್ದರಿಂದ ಘಾಟಿಯಲ್ಲಿ ತೊಂದರೆ ಆಗಲಿಲ್ಲ. ಮಳೆಗಾಲದಲ್ಲಿ ಈ ಸಾಹಸಕ್ಕೆ ಹೋಗುವವರಿಗೆ ಕೈ ಮುಗಿಯುತ್ತೇನೆ.

ಇಲ್ಲಿ ಬಂದ ಮೇಲೆ ನಮ್ಮ ಎದುರು ಇದ್ದದ್ದು ಒಂದೇ ತಾರೀಕು, ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮೊದಲು ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ. ಮೇ 24ರ ಆಸುಪಾಸಿಗೆ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮದು ಶೀಟು ಹಾಕಿ ಮುಗಿಯಬೇಕು. ಆಮೇಲೆ ಆಕಾಶದ ಮೇಲೆ ನಂಬಿಕೆ ಇಲ್ಲ.

ಬುಡದ ಬೋಲ್ಟು ಕೂರಿಸುವಲ್ಲಿ ನಾನು ಹಳೆ ಡ್ರಾಯಿಂಗ್ ನಂಬಲಿಲ್ಲ. ಪ್ರತಿಯೊಂದು ಕಂಬದ ಬುಡದ ಪ್ಲೇಟಿನ ತೂತನ್ನು ತಗಡಿನ ಮೇಲೆ ಇಟ್ಟು ಗುರುತು ಮಾಡಿ ಟೆಂಪ್ಲೇಟ್ ಕತ್ತರಿಸಿದೆವು, ಅದನ್ನೇ ಕಾಂಕ್ರೀಟಿಗೆ ಹಿಡಿದು ಬೋಲ್ಟು ಕೂರಿಸಿದೆವು. ಒಳ್ಳೇದಾಯಿತು. ಹದಿನಾಲ್ಕು ಕಂಬಗಳಲ್ಲಿ ಎರಡರ ತೂತು ಡ್ರಾಯಿಂಗಿನಲ್ಲಿ ಇದ್ದ ಹಾಗೆ ಇರಲೇ ಇಲ್ಲ. ಹಿಂದೆ ಕಟ್ಟಿದವನು ಯಾವನೋ ತಪ್ಪು ಮಾಡಿ ಅಲ್ಲೇ ಹೊಸ ತೂತು ಕೊರೆದಿದ್ದ. ಕಂಬ ಕ್ರೇನಿನಲ್ಲಿ ನೇತಾಡುವಾಗ ಬೋಲ್ಟು ಅರ್ಧ ಇಂಚು ಆಚೆ ಇದ್ದರೆ ಕ್ರೇನಿನ ಗಂಟೆ ಬಾಡಿಗೆ ಓಡುತ್ತಾ ಇರುತ್ತದೆ, ನಾವು ಒಬ್ಬರ ಮುಖ ಒಬ್ಬರು ನೋಡುತ್ತಾ ಇರುತ್ತೇವೆ.

ಹಳೆ ಶೀಟನ್ನು ಮಾಡಿಗೆ ಹಾಕಲು ನಾನು ಬಿಡಲಿಲ್ಲ. ಅದರಲ್ಲಿ ಮೊದಲೇ ಸ್ಕ್ರೂ ತೂತು ಇರುತ್ತದೆ. ಮತ್ತೆ ಕೂರಿಸಿದ ಪರ್ಲಿನ್ ಮೇಲೆ ಆ ತೂತು ಸರಿಯಾಗಿ ಕೂರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಅಂಟು ಮೆತ್ತಿದ ತೂತು ಎಷ್ಟು ದಿನ ನಿಲ್ಲುತ್ತದೆ? ಗೇರುಬೀಜಕ್ಕೆ ತೇವ ತಾಗಿದರೆ ಬೂಸ್ಟು. ಮಾಡಿಗೆ ಹೊಸತು, ಗೋಡೆಗೆ ಹಳತು ಅಂತ ಮಾಡಿದೆವು. ನೀರಿನ ದೋಣಿಯೂ ಬೆಂಗಳೂರಿನ ಮಳೆಗೆ ಮಾಡಿದ್ದು, ಆಟದ ಸಾಮಾನಿನ ಹಾಗಿತ್ತು. ಅದನ್ನು ಅಗಲದ್ದು ಮಾಡಿಸಿ ಇಳಿಯುವ ಪೈಪು ಎರಡು ಪಟ್ಟು ಹಾಕಿದೆವು. ಇನ್ನೊಂದು ಮಾತು, ಶೀಟನ್ನು ಒದ್ದೆ ಇರುವಾಗ ಒಂದರ ಮೇಲೊಂದು ಅಡಕಿ ಇಡಬೇಡಿ. ನಡುವೆ ನೀರು ನಿಂತು ಬಿಳಿ ಪುಡಿ ಎದ್ದು ಸತುವಿನ ಲೇಪ ಹಾಳಾಗುತ್ತದೆ. ಓರೆಯಾಗಿ ಇಟ್ಟರೆ ನೀರು ಇಳಿದು ಹೋಗುತ್ತದೆ. ನಾವು ಒಂದು ಕಟ್ಟು ಹಾಗೆಯೇ ಕಳೆದುಕೊಂಡೆವು.

ಕೊನೆಗೆ ಉಳಿತಾಯ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ಆಯಿತು, ಭಾವ ಅಂದುಕೊಂಡಷ್ಟು ಅಲ್ಲ. ಕಬ್ಬಿಣ ಅಗ್ಗಕ್ಕೆ ಸಿಕ್ಕಿತು. ಅಡಿಪಾಯ, ಕ್ರೇನು, ಲಾರಿ, ಮಾಡಿನ ಶೀಟು, ಬಣ್ಣ, ಇಂಜಿನಿಯರ್ ಫೀಸು ಯಾವುದೂ ಸೆಕೆಂಡ್ ಹ್ಯಾಂಡ್ ಸಿಗುವುದಿಲ್ಲ. ನೆಲಮಂಗಲದಿಂದ ಇನ್ನೂರು ಕಿಲೋಮೀಟರ್ ಆಚೆ ಇದ್ದಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ.

ಶೀಟಿನ ಕೊನೆಯ ಸ್ಕ್ರೂ ಬಿದ್ದದ್ದು ಪತ್ತನಾಜೆಯ ಮರುದಿನ. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಒಂದು ತುಂಡು ಉಳಿಯಿತು. ಆರು ಅಡಿಯ ಗಟ್ಟಿ ಐ ಬೀಮು, ಎರಡು ಕಡೆ ತೂತು, ನಂಬರ್ ಇಲ್ಲ. ಡ್ರಾಯಿಂಗಿನಲ್ಲೂ ಇಲ್ಲ. ಒಂದು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ರಾತ್ರಿ ಎದ್ದು ಫೋಟೋ ನೋಡುವುದು, ಬೆಳಿಗ್ಗೆ ಹೋಗಿ ಜೋಡಣೆ ಲೆಕ್ಕ ಮಾಡುವುದು. ಕಡೆಗೆ ನೆಲಮಂಗಲದ ವಾಚ್‌ಮನ್‌ಗೇ ಫೋನ್ ಮಾಡಿದೆ. ಅವನು ನಗುತ್ತಾ, "ಅದಾ ಸಾರ್, ಮೂಟೆ ಎತ್ತೋಕೆ ಚೈನ್ ಬ್ಲಾಕ್ ನೇತು ಹಾಕ್ತಿದ್ರಲ್ಲ, ಅದು. ಆಮೇಲೆ ಹಾಕಿಸಿದ್ದು" ಅಂದ.

ಈಗ ಅದು ಭಾವನ ಬಾವಿಕಟ್ಟೆಯ ಮೇಲೆ ರಾಟೆ ಹಿಡಿದುಕೊಂಡು ನಿಂತಿದೆ. ಅಕ್ಕ ಎರಡು ಸಲ ಬಣ್ಣ ಬಳಿಸಿದರು. ಆದರೂ ಬಗ್ಗಿ ನೋಡಿದರೆ ಅಡಿಯಲ್ಲಿ, ಬಿಚ್ಚುವ ದಿನ ನಾನೇ ಹಳದಿ ಬಣ್ಣದಲ್ಲಿ ಬರೆದ ದೊಡ್ಡ ಪ್ರಶ್ನೆ ಚಿಹ್ನೆ ಈಗಲೂ ಕಾಣುತ್ತದೆ.

ನಮಸ್ಕಾರ.