ಕಚೇರಿಯ ಯುಪಿಎಸ್ ಮನೆಗೆ ಬಂದಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಬೀದಿಯಲ್ಲೊಬ್ಬರು ಹೋದ ವರ್ಷ ಹಳೆಯ ಯುಪಿಎಸ್ ಒಂದನ್ನು ತಂದರು. ಬೆಂಗಳೂರಿನ ಯಾವುದೋ ಕಚೇರಿ ಖಾಲಿ ಮಾಡುವಾಗ ಮಾರಿದ್ದಂತೆ, 6 ಕೆವಿಎ, ಅಂದರೆ 6,000 ವೋಲ್ಟ್-ಆಂಪಿಯರ್ ಸಾಮರ್ಥ್ಯದ್ದು. ಗೂಡ್ಸ್ ಆಟೋದಿಂದ ಇಳಿಸೋಕೆ ಮೂರು ಜನ ಬೇಕಾಯಿತು. "ಗುಜರಿ ರೇಟಿಗೆ ಸಿಕ್ತು ಸಾರ್" ಅಂತ ಅವರ ಮುಖವೆಲ್ಲ ನಗು. ಸಂಜೆಗೆ ನನ್ನನ್ನು ಕರೆಸಿದರು: "ಇದಕ್ಕೆ ಪ್ಲಗ್ಗೇ ಇಲ್ವಲ್ಲ?"

ಇರುವುದಿಲ್ಲ. ಲೆಕ್ಕ ಹಾಕಿ ನೋಡಿ: 6,000ವನ್ನು 230 ವೋಲ್ಟಿನಿಂದ ಭಾಗಿಸಿದರೆ 26 ಆಂಪಿಯರ್. ನಮ್ಮ ಮನೆಗಳಲ್ಲಿ ಗೀಸರಿಗೆ ಹಾಕಿಸುವ ದೊಡ್ಡ ಸಾಕೆಟ್ಟೇ 16 ಆಂಪಿಯರಿನದು. ಅದಕ್ಕೇ ಸಿಕ್ಕಿಸಿ ನಾಲ್ಕು ಫ್ಯಾನು, ಟಿವಿ ಓಡಿಸಿದರೆ ಅಷ್ಟೆಲ್ಲ ಎಳೆಯುವುದಿಲ್ಲ, ನಿಜ. ಆದರೆ ಎಂದೋ ಒಂದು ದಿನ ಯಾರೋ ಅದರ ಮೇಲೆ ಗೀಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಮಿಕ್ಸಿಯನ್ನೂ ಒಟ್ಟಿಗೇ ಹಾಕುತ್ತಾರೆ, ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು, ಎಂಸಿಬಿ, ಬೀಳುತ್ತದೆ. ಆಗ ದೊಡ್ಡ ಎಂಸಿಬಿ ಹಾಕಿಸುವ ಬುದ್ಧಿವಂತರಿದ್ದಾರೆ. ಎಂಸಿಬಿ ಇರುವುದು ವೈರನ್ನು ಕಾಯಲಿಕ್ಕೆ. ಕಾವಲುಗಾರನನ್ನು ಬದಲಾಯಿಸಿ ವೈರು ಹಳೆಯದೇ ಬಿಟ್ಟರೆ, ಗೋಡೆಯೊಳಗೆ ಅದು ಸುಡುವುದು ನಮಗೆ ಕಾಣುವುದೂ ಇಲ್ಲ.

ಗೊಂದಲದ ಬೇರು ಹೆಸರಿನಲ್ಲಿದೆ. ಮನೆಯ ಇನ್ವರ್ಟರನ್ನೂ ನಾವು ಯುಪಿಎಸ್ ಅಂತಲೇ ಕರೆಯುತ್ತೇವೆ. ಇನ್ವರ್ಟರು ಕರೆಂಟಿದ್ದಾಗ ಅದನ್ನು ಹಾಗೆಯೇ ಮುಂದಕ್ಕೆ ಬಿಟ್ಟು, ಬ್ಯಾಟರಿ ತುಂಬಿಸಿಕೊಂಡು ಸುಮ್ಮನಿರುತ್ತದೆ. ಕಚೇರಿಯ ಈ ಯಂತ್ರ ಆನ್‌ಲೈನ್ ಬಗೆಯದು, ಅಂದರೆ ಸದಾ ಕೆಲಸದಲ್ಲಿರುವಂಥದ್ದು; ಇದಕ್ಕೆ ಸುಮ್ಮನಿರುವುದೇ ಗೊತ್ತಿಲ್ಲ. ಲೈನಿನ ಎಸಿ ಕರೆಂಟನ್ನು ಬ್ಯಾಟರಿಯಂಥ ಡಿಸಿ ಕರೆಂಟು ಮಾಡಿ, ಡಿಸಿಯನ್ನು ಮತ್ತೆ ಎಸಿ ಮಾಡಿ, ಹಗಲೂ ರಾತ್ರಿ ದುಡಿಯುತ್ತಲೇ ಇರುತ್ತದೆ. ಒಳಗಿನ ಫ್ಯಾನಿನ ಸದ್ದು ಬೇರೆ. ಈ ದುಡಿಮೆಗೂ ಕರೆಂಟು ಬೇಕಲ್ಲ.

ಅವರ ಮೀಟರಿನ ಸಣ್ಣ ದೀಪ ಒಂದು ಯೂನಿಟ್ಟಿಗೆ 3,200 ಸಲ ಮಿಣುಕುತ್ತದೆ ಅಂತ ಅದರ ಮೇಲೆ ಬರೆದಿತ್ತು. ಮನೆಯ ಬೇರೆಲ್ಲ ಆಫ್ ಮಾಡಿಸಿ, ಏನೂ ಜೋಡಿಸದ ಯುಪಿಎಸ್ ಒಂದನ್ನೇ ಬಿಟ್ಟು, ಗಡಿಯಾರ ಹಿಡಿದು ಕೂತೆ. ನಿಮಿಷಕ್ಕೆ 8 ಮಿಣುಕು. ಅಂದರೆ 150 ವ್ಯಾಟ್, ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ಅವರ ಮನೆಯ ಮಾಮೂಲಿ ಬಳಕೆ ತಿಂಗಳಿಗೆ ಸುಮಾರು 120 ಯೂನಿಟ್. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್, ಅದು ದಾಟಿತೋ ಇಡೀ ಬಿಲ್ಲನ್ನು ಕಟ್ಟಬೇಕು. ಕೂಡಿಸಿ ಹೇಳಿದೆ. ಮನೆಯೊಡತಿ ಗಂಡನ ಕಡೆ ನೋಡಿದರು.

ಬ್ಯಾಟರಿ ಮಾತು ಹೇಳದೆ ಬಿಡಬಾರದು. ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಗೆ ನೀರು ಹಾಕಿ, ತುದಿ ಒರೆಸಿ ಅಭ್ಯಾಸವಾದ ಕೈಗಳು ನಮ್ಮವು. ಇಲ್ಲಿ ಅಂಥ 16 ಸಾಲಾಗಿ ಸೇರಿ 192 ವೋಲ್ಟ್ ಡಿಸಿ ಆಗಿರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಆ ತುದಿಗಳಲ್ಲಿ ಜೀವ ಇರುತ್ತದೆ. ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಸಾಲಿನಲ್ಲಿ ಒಂದು ಕೆಟ್ಟರೆ ಮಿಕ್ಕ ಹದಿನೈದೂ ಅದರ ಹಿಂದೆಯೇ.

ಇಷ್ಟಾದರೂ ಬೇಕೇ ಬೇಕು ಅನ್ನುವವರು, ಮನೆಯಲ್ಲೇ ಸಣ್ಣ ಸ್ಟುಡಿಯೋ, ಲ್ಯಾಬು ಇಟ್ಟುಕೊಂಡವರು ಇದ್ದಾರೆ. ಅವರು ಮೊದಲು ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಅಂತ ನೋಡಲಿ. ಸಾಲದಿದ್ದರೆ ಅರ್ಜಿ ಹಾಕಿ ಏರಿಸಿಕೊಳ್ಳಲಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನಿಂದ ಬೋರ್ಡಿನಿಂದಲೇ ಪ್ರತ್ಯೇಕ ದಪ್ಪ ವೈರು ಎಳೆಸಿ, ಅರ್ತಿಂಗ್ ಪರೀಕ್ಷೆ ಮಾಡಿಸಲಿ.

ನಮ್ಮ ಬೀದಿಯವರದು ಈಗ ವರಾಂಡದಲ್ಲಿದೆ, ಮೇಲೆ ಹಳೇ ಪೇಪರಿನ ಕಟ್ಟು. ಒಳಗೆ ಒಂದೇ ಬ್ಯಾಟರಿಯ ಇನ್ವರ್ಟರ್ ಬಂದಿದೆ. ಅದನ್ನೂ ಅವರು ಯುಪಿಎಸ್ ಅಂತಲೇ ಕರೆಯುತ್ತಾರೆ.

ನಮಸ್ಕಾರ.